ಅವ್ವನ ಕೊರಳಿನ ಕೀಲಿ

ಸುರಪುರದಲ್ಲಿ ನನ್ನ ಅವ್ವ ಸಾಯಬಮ್ಮನ ಹೆಸರು ಎತ್ತಿದರೆ ಸಾಕು, ಎದುರಿಗಿದ್ದವರು ಬಂದೂಕಿನ ಕತೆ ಶುರು ಮಾಡುತ್ತಾರೆ. ಒಬ್ಬ, ಗುಂಡು ಅವಳ ಸೆರಗು ಹರಿದುಕೊಂಡು ಹೋಯಿತು ಅನ್ನುತ್ತಾನೆ. ಇನ್ನೊಬ್ಬ, ಅವಳೇ ಮಾವನ ಕೈಯಿಂದ ಬಂದೂಕು ಕಸಿದುಕೊಂಡಳು ಅನ್ನುತ್ತಾನೆ. ಆ ಹೊತ್ತಿಗೆ ಇವರೆಲ್ಲ ಎಲ್ಲಿದ್ದರೋ ಏನೋ. ನಾನಂತೂ ಅಲ್ಲೇ ಇದ್ದೆ, ತೊಟ್ಟಿಲಲ್ಲಿ. ಕಣ್ಣು ಮುಚ್ಚಿ ಮಲಗಿದ್ದೆ ಅನ್ನುವುದು ಬೇರೆ ಮಾತು. ಅವ್ವ ನನಗೆ ಹೇಗೆ ಹೇಳಿದಳೋ ಹಾಗೇ ಹೇಳುತ್ತೇನೆ. ನಡುವೆ ಯಾರೂ ಬಾಯಿ ಹಾಕಬೇಡಿ.

ಅವ್ವನ ತವರು ಶಹಾಪುರದ ಕಡೆಯ ದೋರನಹಳ್ಳಿ. ಮೊದಲು ಹುಟ್ಟಿದ ಕೂಸುಗಳು ಉಳಿಯಲಿಲ್ಲವೆಂದು ಅವಳ ತಾಯಿ ದರ್ಗಾಕ್ಕೆ ಹರಕೆ ಹೊತ್ತು ಪಡೆದ ಮಗಳು, ಅದಕ್ಕೇ ಸಾಯಬಮ್ಮ ಎಂದು ಹೆಸರು. ಹರಕೆ ಎಷ್ಟು ಜೋರಾಗಿ ಫಲಿಸಿತೆಂದರೆ ಅವಳ ಬೆನ್ನಿಗೆ ಸಾಲಾಗಿ ತಮ್ಮಂದಿರು ಹುಟ್ಟಿದರು. ದೊಡ್ಡವರೆಲ್ಲ ಹೊಲಕ್ಕೆ ಹೋದರೆ ಆ ದಂಡನ್ನು ಕಾಯುವ ಕೆಲಸ ಇವಳ ಕೊರಳಿಗೆ ಬಿತ್ತು. ಹುಡುಗರ ಕೈಗೆ ಏನೇನು ಸಿಗುತ್ತದೆ, ಸಿಕ್ಕಿದ್ದನ್ನು ಅವರು ಏನೇನು ಮಾಡುತ್ತಾರೆ ಎಂಬುದನ್ನು ಅವಳು ಚೆನ್ನಾಗಿ ಕಂಡಿದ್ದಳು. ಕುಡುಗೋಲು ಸೂರಿಗೆ ಸಿಕ್ಕಿಸುವುದು, ಈಳಿಗೆಯನ್ನು ಅಟ್ಟಕ್ಕೆ ಏರಿಸುವುದು, ಸೀಮೆಎಣ್ಣೆಯನ್ನು ಎತ್ತರದ ಗೂಟಕ್ಕೆ ತೂಗುಹಾಕುವುದು, ಇವೆಲ್ಲ ಅವಳಿಗೆ ಅಲ್ಲಿಂದ ಬಂದ ಚಟ.

ಮದುವೆಯಾಗಿ ಸುರಪುರಕ್ಕೆ ಬಂದ ಮೇಲೂ ಆ ಚಟ ಬಿಡಲಿಲ್ಲ. ಬಂದ ವಾರದಲ್ಲೇ ಮಾವ ದ್ಯಾವಪ್ಪ ತನ್ನ ಅಡಕತ್ತರಿ ಹುಡುಕಿ ಹುಡುಕಿ ಸಾಕಾದ. ಈ ದ್ಯಾವಪ್ಪನೇ ನಮ್ಮ ಮುತ್ಯಾ. ಅಡಕತ್ತರಿ ಬಾಗಿಲ ಚೌಕಟ್ಟಿನ ಮೇಲೆ ಸಿಕ್ಕಿತು.

"ಯವ್ವಾ, ಇದನ್ಯಾಕ ಇಲ್ಲಿ ಏರಿಸಿದಿ?" ಅಂದ ಮುತ್ಯಾ.

"ಹುಡುಗರು ಕೈ ಹಾಕ್ತಾವ್ರಿ."

"ಮನ್ಯಾಗ ಹುಡುಗರು ಎಲ್ಲದಾವವ್ವ?"

"ಬರ್ತಾವಲ್ರಿ," ಎಂದು ಹೇಳಿ ಅವ್ವ ನೀರಿಗೆ ಹೋದಳಂತೆ. ಮುತ್ಯಾ ಅದನ್ನು ಊರೆಲ್ಲ ಹೇಳಿಕೊಂಡು ನಕ್ಕ. ಸೊಸೆಯೆಂದರೆ ಅವನಿಗೆ ಅಷ್ಟು ಪ್ರೀತಿ.

ಅವಳ ಕೈಯಿಂದ ಮೇಲೇರದೆ ಉಳಿದಿದ್ದು ಒಂದೇ ವಸ್ತು, ಬಂದೂಕು. ನಾವು ಬೇಡರು. ನಮ್ಮ ಹಿರಿಯರು ಸಂಸ್ಥಾನದ ಕಾಲದಲ್ಲಿ ಹಿಡಿದ ಬಂದೂಕು ಅದು. ಬಾಯಿಯಿಂದ ಮದ್ದು ತುಂಬಿ ಗಜ ಎಂಬ ಉದ್ದ ಕಡ್ಡಿಯಿಂದ ಜಡಿಯುವಂಥದು, ಟೋಪಿದಾರ್ ಬಂದೂಕು ಅನ್ನುತ್ತಿದ್ದರು. ನಳಿಗೆಗೆ ಹಿತ್ತಾಳೆಯ ಪಟ್ಟಿ, ನಿಲ್ಲಿಸಿದರೆ ಹೆಚ್ಚುಕಡಿಮೆ ಮುತ್ಯಾನ ಎತ್ತರ. ಪಡಸಾಲೆಯ ಮೂಲೆಯ ಜಗುಲಿಯಲ್ಲಿ ದೇವರ ಪಕ್ಕ ಗೋಡೆಗೆ ಒರಗಿ ನಿಂತಿರುತ್ತಿತ್ತು. ಮಹಾನವಮಿಯ ದಿನ ಬನ್ನಿ ಗಿಡದ ಹತ್ತಿರ ಒಂದು ಸಲ ಹಾರಿಸುವುದು, ಮನೆಗೆ ಬಂದ ಕೂಡಲೇ ಮತ್ತೆ ಮದ್ದು, ಛರ್ರೆ ಎಂಬ ಸಣ್ಣ ಸೀಸದ ಗುಂಡು ತುಂಬಿ ಜಗುಲಿಗೆ ನಿಲ್ಲಿಸುವುದು. ಅದರ ಹೊಟ್ಟೆ ಬರಿದಾಗಿ ನಿಂತರೆ ಮನೆಯ ಹೊಟ್ಟೆಯೂ ಬರಿದಾಗುತ್ತದೆ ಎಂದು ನಮ್ಮ ಮನೆತನದ ನಂಬಿಕೆ. ಮಂಗಳವಾರಕ್ಕೊಮ್ಮೆ ಎಣ್ಣೆಯಲ್ಲಿ ಕಲಸಿದ ಮೈಲಾಪುರದ ಭಂಡಾರದ ಅರಿಶಿನವನ್ನು ಮೈಗೆಲ್ಲ ಬಳಿದು, ಬಾಯಿಗೆ ಒಂದು ಚೂರು ಬೆಲ್ಲ ಹಚ್ಚಿ ನೈವೇದ್ಯ ಮಾಡುತ್ತಿದ್ದರು. ದೇವರಿಗೆ ಬಾಯಿ ಎಲ್ಲಿದೆಯೋ ಅಲ್ಲಿಗೇ ತಾನೇ ಬೆಲ್ಲ ಹಚ್ಚಬೇಕು.

ಈ ಬಂದೂಕಿನ ಒಂದು ಗುಟ್ಟು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮದ್ದು ತುಂಬಿದ ಮಾತ್ರಕ್ಕೆ ಅದು ಹಾರುವುದಿಲ್ಲ. ಹಿಂಬದಿಯ ಸಣ್ಣ ತೊಟ್ಟಿನ ಮೇಲೆ ತಾಮ್ರದ ಟೋಪಿ ಇಡಬೇಕು. ಕುದುರೆ ಎಂಬ ಕಬ್ಬಿಣದ ಕೊಕ್ಕೆ ಆ ಟೋಪಿಯ ಮೇಲೆ ಬಡಿದರೆ ಕಿಡಿ ಎದ್ದು ಮದ್ದು ಹತ್ತುತ್ತದೆ. ಮನೆಯಲ್ಲಿ ಮದ್ದು ತುಂಬಿದ್ದರೂ ಟೋಪಿ ಇಡುವುದಿಲ್ಲ ಎಂಬುದೇ ಮುತ್ಯಾನ ಧೈರ್ಯ. ಅವ್ವ ಬಂದೂಕಿನ ಮಾತೆತ್ತಿದಾಗೆಲ್ಲ ಅವನು ಅದೇ ಮಾತು ಹೇಳಿ ಬಾಯಿ ಮುಚ್ಚಿಸುತ್ತಿದ್ದ.

ಇಷ್ಟರಲ್ಲಿ ರಜಾಕಾರರ ಗದ್ದಲ ಬಂತು. ಆ ವರ್ಷ ಬಂದೂಕು ಜಗುಲಿಯ ಮೇಲಿರಲಿಲ್ಲ, ಮುತ್ಯಾನ ತೊಡೆಯ ಮೇಲೇ ಇತ್ತು. ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು, ನಿಜಾಮನ ರಾಜ್ಯ ಹೋಯಿತು. ಮೊದಲು ನಮಗೆ ಹೆದರಿಕೆ ಇತ್ತು, ಆಮೇಲೆ ನಮ್ಮೂರ ಸಾಬರಿಗೆ ಹೆದರಿಕೆ ಹತ್ತಿತು. ಮುತ್ಯಾನ ಗೆಳೆಯ, ರಂಗಂಪೇಟೆಯ ಬಡಿಗ ಮೈನುದ್ದೀನ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದು ಇದ್ದ. ಆಗಲೂ ಮುತ್ಯಾ ಬಾಗಿಲಿಗೆ ಅಡ್ಡ ಕೂತಿದ್ದ, ಬಂದೂಕು ತೊಡೆಯ ಮೇಲೆ. ಹಾರಿಸುವ ಪ್ರಸಂಗ ಬರಲಿಲ್ಲ. ಮಿಲಿಟರಿ ಊರಲ್ಲಿದ್ದ ಕಾಲ, ಆ ಮಹಾನವಮಿಗೆ ಬನ್ನಿ ಗಿಡದ ಹತ್ತಿರ ಹಾರಿಸುವ ಧೈರ್ಯವನ್ನೂ ಯಾರೂ ಮಾಡಲಿಲ್ಲ. ಊರು ತಣ್ಣಗಾಯಿತು, ಮೈನುದ್ದೀನ ತನ್ನ ಮನೆಗೆ ಹೋದ, ಬಂದೂಕು ಜಗುಲಿಗೆ ಹೋಯಿತು. ಮುತ್ಯಾ ಹೊಸ ಸರಕಾರದಿಂದ ಅದಕ್ಕೆ ಲೈಸೆನ್ಸೂ ಮಾಡಿಸಿಕೊಂಡು ಬಂದ. ಮಂಗಳವಾರದ ಭಂಡಾರ, ಬೆಲ್ಲ ಮತ್ತೆ ಶುರುವಾದವು.

ಮರುವರ್ಷ ನಾನು ಹುಟ್ಟಿದೆ. ಅಣ್ಣ ವೆಂಕಪ್ಪ ಆಗ ಮನೆಯೆಲ್ಲ ಓಡಾಡುವ ಹುಡುಗ. ಎಲ್ಲರೂ ವೆಂಕ್ಯಾ ಅನ್ನುತ್ತಿದ್ದರು. ಬೆಲ್ಲ ಎಲ್ಲಿದ್ದರೂ ಇರುವೆಗಿಂತ ಮೊದಲು ಇವನಿಗೆ ಗೊತ್ತಾಗುತ್ತಿತ್ತು.

ಆ ವರ್ಷದ ಮಹಾನವಮಿ ಇನ್ನೂ ಬಂದಿರಲಿಲ್ಲ. ಅಂದು ಮಂಗಳವಾರ. ಮುತ್ಯಾ ಪೂಜೆ ಮುಗಿಸಿ ಅಂಗಳದಲ್ಲಿ ಎಲೆ ಹಾಕಿಕೊಳ್ಳುತ್ತಾ ಕೂತಿದ್ದ. ಪಡಸಾಲೆಯ ತೊಲೆಗೆ ಕಟ್ಟಿದ ತೊಟ್ಟಿಲಲ್ಲಿ ನಾನಿದ್ದೆ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ವೆಂಕ್ಯಾನ ಸದ್ದಿಲ್ಲ. ಮಕ್ಕಳ ಸದ್ದು ಕೇಳುತ್ತಿದ್ದರೆ ಅವ್ವನಿಗೆ ಚಿಂತೆಯಿಲ್ಲ, ನಿಂತರೆ ಚಿಂತೆ. ಹಿಟ್ಟಿನ ಕೈಯಲ್ಲೇ ಎದ್ದು ಬಂದು ನೋಡಿದಳು.

ವೆಂಕ್ಯಾ ಬಂದೂಕನ್ನು ಎಳೆದು ನೆಲಕ್ಕೆ ಮಲಗಿಸಿದ್ದ. ಅದರ ಮುಂದೆ ಬೋರಲು ಬಿದ್ದು, ನಳಿಗೆಯ ಬಾಯಿಗೆ ತನ್ನ ಬಾಯಿ ಹಚ್ಚಿ ಬೆಲ್ಲ ಚೀಪುತ್ತಿದ್ದ. ಮುಖಕ್ಕೆಲ್ಲ ಭಂಡಾರ ಮೆತ್ತಿಕೊಂಡಿತ್ತು.

ಅವ್ವ ಕೂಗಲಿಲ್ಲ. ಕೂಗಿದರೆ ಹುಡುಗ ಬೆಚ್ಚಿ ಎಲ್ಲಿ ಕಾಲು ಹಾಕುತ್ತಾನೋ, ಬಂದೂಕು ಎಲ್ಲಿ ಹೊರಳುತ್ತದೋ. ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು, "ವೆಂಕ್ಯಾ, ಬಿಸಿ ರೊಟ್ಟಿ ಐತಿ, ಬೆಣ್ಣಿ ಹಚ್ಚೀನಿ. ಲಗೂನ ಬಾರಪ, ಇಲ್ಲಾಂದ್ರ ನಿಮ್ಮಪ್ಪ ತಿಂತಾನ," ಅಂದಳು. ಬೆಣ್ಣೆ ಅಂದ ಕೂಡಲೇ ಅವನು ಬೆಲ್ಲ ಬಿಟ್ಟು ಎದ್ದು ಬಂದ. ಅವನನ್ನು ತಬ್ಬಿಕೊಂಡು ಸೆರಗಿನಿಂದ ಬಾಯಿ ಒರೆಸಿದಳು. ಮನೆಯಲ್ಲಿ ಬೆಣ್ಣೆ ಇರಲಿಲ್ಲ, ವೆಂಕ್ಯಾ ಅದಕ್ಕೆ ಆಮೇಲೆ ಬಹಳ ಹೊತ್ತು ಅತ್ತ.

ಮುತ್ಯಾ ಒಳಗೆ ಬಂದು, ಬಂದೂಕನ್ನು ಎತ್ತಿ ಧೂಳು ಒರೆಸಿದ. ಹುಡುಗನಿಗೆ ಗದರಿದ.

"ಅವಗ ಬೈಬ್ಯಾಡ್ರಿ ಮಾವಾ," ಅಂದಳು ಅವ್ವ. "ಬೆಲ್ಲ ಹಚ್ಚಿದವರು ನಾವು. ಇವತ್ತಽ ಇದರ ಮದ್ದು ತಗೀರಿ, ಇದನ್ನ ಕೈಗೆ ಸಿಗದಂಗ ಮ್ಯಾಲ ಇಡ್ರಿ."

"ಹೊಟ್ಟಿ ಖಾಲಿ ಮಾಡಿ ದೇವರನ್ನ ಉಪಾಸ ನಿಂದ್ರಸಬೇಕನ?"

"ಹುಡುಗ ಅದರ ಬಾಯಿಗೆ ಬಾಯಿ ಹಚ್ಚಿದ್ನರಿ."

"ಹಚ್ಚಲಿ. ಟೋಪಿ ಇಲ್ಲದ ಬಂದೂಕು ಒನಕಿ ಇದ್ದಂಗ. ಒನಕಿಗೆ ಯಾರರ ಹೆದರ್ತಾರನ?"

"ಒನಕಿ ಹೊಟ್ಟ್ಯಾಗ ಮದ್ದು ಇರಂಗಿಲ್ರಿ."

ಸೊಸೆ ಎದುರು ಮಾತಾಡಿದ್ದು ಅದೇ ಮೊದಲು. ಮುತ್ಯಾನಿಗೆ ಸಿಟ್ಟು ನೆತ್ತಿಗೇರಿತು. "ಇದು ಆಗಂಗಿಲ್ಲ ಹೋಗಂಗಿಲ್ಲ. ನೋಡಿಲ್ಲಿ, ಟೋಪಿ ಇಲ್ಲಂದ್ರ ಖಾಲಿ ಬಂದೂಕಽ ಲೆಕ್ಕ," ಎಂದವನೇ ಬಂದೂಕಿನ ಬಾಯಿ ಮೇಲೆ ಮಾಡಿ ಕುದುರೆ ಎಳೆದ. ಅವ್ವ "ಬ್ಯಾಡ್ರಿ ಮಾವಾ" ಅನ್ನುತ್ತಾ ವೆಂಕ್ಯಾನನ್ನು ಬಗಲಿಗೆ ಎತ್ತಿಕೊಳ್ಳುವಷ್ಟರಲ್ಲಿ ಅವನು ಒತ್ತಿಯೇಬಿಟ್ಟ.

ಮನೆ ಗುಡುಗಿತು. ಪಡಸಾಲೆಯ ತುಂಬ ಹೊಗೆ ತುಂಬಿ ಯಾರಿಗೆ ಯಾರೂ ಕಾಣದಾದರು. ಮಾಳಿಗೆಯ ಮಣ್ಣು ದಬದಬ ಉದುರಿತು. ಛರ್ರೆಗಳು ತೊಟ್ಟಿಲು ಕಟ್ಟಿದ ತೊಲೆಗೇ ಬಡಿದು, ತೊಟ್ಟಿಲಿನ ಒಂದು ಹಗ್ಗ ಕಡಿದುಹೋಯಿತು. ತೊಟ್ಟಿಲು ಒಂದು ಕಡೆಗೆ ವಾಲಿತು. ಹೊಗೆಯಲ್ಲಿ ಅವ್ವನಿಗೆ ಕಂಡಿದ್ದು ಅಷ್ಟೇ, ವಾಲಿದ ತೊಟ್ಟಿಲು. ಅದರೊಳಗಿಂದ ಸದ್ದಿಲ್ಲ.

ಆಮೇಲೆ ನಾನು ಅತ್ತೆ. ಅಂಥ ಅಳುವನ್ನು ಅದುವರೆಗೆ ಯಾವ ಕೂಸೂ ಅತ್ತಿಲ್ಲ ಎಂದು ಅವ್ವ ಹೇಳುತ್ತಾಳೆ. ಜನ್ಮದಲ್ಲಿ ನನ್ನ ದನಿ ಚೆನ್ನಾಗಿದೆ ಎಂದು ಒಬ್ಬರು ಹೇಳಿದ್ದಿದ್ದರೆ ಅದು ಅಂದೇ. ಕೌದಿಯ ಸಮೇತ ಜಾರಿ ತೊಟ್ಟಿಲಿನ ಮೂಲೆಗೆ ಬಿದ್ದಿದ್ದೆ, ಮೈಮೇಲೆ ಮಣ್ಣು ಬಿಟ್ಟರೆ ಒಂದು ಗೀರೂ ಇರಲಿಲ್ಲ. ಅವ್ವ ನನ್ನನ್ನು ಎತ್ತಿಕೊಂಡು, ಬೆರಳು ಬೆರಳು ಮುಟ್ಟಿ ನೋಡಿ, ನೆಲಕ್ಕೆ ಕೂತಳು.

ಮುತ್ಯಾ ಗೋಡೆಗೆ ಒರಗಿ ಕುಸಿದಿದ್ದ. ರುಮಾಲು ಎಲ್ಲೋ ಬಿದ್ದಿತ್ತು. ಉಗುರಿನಿಂದ ಬಂದೂಕಿನ ತೊಟ್ಟಿನ ಸುತ್ತಲ ಭಂಡಾರ ಕೆರೆದ. ಮಂಗಳವಾರದ ಮೇಲೆ ಮಂಗಳವಾರ ಬಳಿದು ಗಟ್ಟಿಯಾದ ಹಳದಿಯ ಕೆಳಗಿನಿಂದ ಒಡೆದ ತಾಮ್ರದ ಟೋಪಿ ಉದುರಿತು.

"ನಾನಽ ಇಟ್ಟಿದ್ದೆ," ಅಂದ. "ಮೈನುದ್ದೀನ ಇದ್ದಾಗ, ಬಾಗಿಲದಾಗ ಕುಂತಾಗ ಇಟ್ಟಿದ್ದೆ. ತಗಿಯೂದು ಮರ್ತೆ. ಮರ್ತು ಅದರ ಮ್ಯಾಲ ಪೂಜಿ ಮಾಡೀನಿ." ಅಷ್ಟು ಹೇಳಿ ಮುತ್ಯಾ ಹುಡುಗರ ಹಾಗೆ ಅತ್ತ. ಅವನು ಅತ್ತಿದ್ದನ್ನು ನೋಡಿ ವೆಂಕ್ಯಾ ತನ್ನ ಬೆಣ್ಣೆಯ ಅಳು ನಿಲ್ಲಿಸಿದನಂತೆ.

ಅವ್ವ ಗೆದ್ದಳು ಎಂದು ನೀವು ತಿಳಿಯಬಹುದು. ಗೆದ್ದವಳಿಗೆ ಊಟ ಸೇರಲಿಲ್ಲ. ಯಾಕೆಂದರೆ ಮುತ್ಯಾ ಬಂದೂಕಿಗೆ ಮತ್ತೆ ಮದ್ದು ತುಂಬಲಿಲ್ಲ, ಆದರೆ ಅದರ ಹೊಟ್ಟೆ ಖಾಲಿ ಇದ್ದದ್ದನ್ನು ತಾಳಿಕೊಳ್ಳಲೂ ಆಗಲಿಲ್ಲ. ಜಗುಲಿಯ ಕಡೆ ಬೆನ್ನು ಮಾಡಿ ಕೂರುತ್ತಿದ್ದ. ಅರ್ಧ ರೊಟ್ಟಿ ತಿಂದು ತಾಟು ಸರಿಸುತ್ತಿದ್ದ. ಎಮ್ಮೆ ಹಾಲು ಕಡಿಮೆ ಕೊಟ್ಟರೆ, ಗಡಿಗೆ ಒಡೆದರೆ, ಒಂದು ಉಸಿರು ಬಿಟ್ಟು ಜಗುಲಿಯ ಕಡೆ ನೋಡುತ್ತಿದ್ದ. ನನ್ನಪ್ಪ ಭಾಗಣ್ಣ ಒಳ್ಳೆಯ ಮನುಷ್ಯ, ಆದರೆ ಮನೆಯಲ್ಲಿ ಇಂಥದ್ದು ನಡೆದರೆ ಅವನಿಗೆ ಹೊಲದಲ್ಲಿ ಭಾರಿ ಕೆಲಸ ನೆನಪಾಗುತ್ತಿತ್ತು. ನಡುವೆ ಉಳಿದವಳು ಅವ್ವ. ಮನೆಯೊಳಗೆ ಮದ್ದು ಮತ್ತೆ ಆ ನಳಿಗೆಗೆ ಹೋದರೆ ಮಕ್ಕಳನ್ನು ಕಟ್ಟಿಕೊಂಡು ದೋರನಹಳ್ಳಿಗೆ ಹೋಗುವುದೆಂದು ಅವಳು ಗಟ್ಟಿಮಾಡಿಕೊಂಡಿದ್ದಳು. ಹೀಗೇ ಬಿಟ್ಟರೆ ಮುದುಕ ಸೊರಗಿ ಹೋಗುತ್ತಾನೆಂಬುದೂ ಅವಳಿಗೆ ಕಾಣುತ್ತಿತ್ತು.

ಒಂದು ಮುಂಜಾನೆ ಬೀಸಲು ಜೋಳ ತೆಗೆಯುತ್ತಿದ್ದವಳು ಹಾಗೇ ನಿಂತಳು. ಒಂದು ಬೊಗಸೆ ಜೋಳ ಹಿಡಿದು ಮುತ್ಯಾನ ಮುಂದೆ ಬಂದಳು.

"ಮಾವಾ, ಒಂದ ಮಾತು ಕೇಳ್ತೀನ್ರಿ. ನಮ್ಮ ಮನಿ ಹೊಟ್ಟಿ ತುಂಬೂದು ಯಾತರ್ಲೆ?"

"ಜೋಳದ್ಲೆ. ಇದೇನು ಕೇಳೂ ಮಾತವ್ವ?"

"ಮದ್ದಿನ್ಲೆ ಅಲ್ಲಲ್ರಿ?"

ಮುತ್ಯಾ ಅವಳ ಬೊಗಸೆ ನೋಡಿದ. ಅವಳ ಮುಖ ನೋಡಿದ. "ಅದರ ಹೊಟ್ಟಿಗೆ ಜೋಳ ತುಂಬು ಅಂತೀ ಏನು?"

"ನಮ್ಮ ದೇವ್ರು, ನಾವು ಉಂಡದ್ದು ಉಣ್ಣಲಿ. ಇಷ್ಟು ದಿನ ಖಾರ ತಿಂದೈತಿ, ಈಗ ಸಪ್ಪಗ ಉಣ್ಣಲಿ ಬಿಡ್ರಿ."

ಅಷ್ಟು ದಿನಗಳ ಮೇಲೆ ಮುತ್ಯಾ ನಕ್ಕಿದ್ದು ಆಗ. ನಕ್ಕು ನಕ್ಕು ಕೆಮ್ಮು ಹತ್ತಿತು. ಬಂದೂಕನ್ನು ತೊಳೆದು, ಒಣಗಿಸಿ, ಅವನೇ ಕೈಯಾರೆ ಜೋಳ ಸುರಿದು, ಬಾಯಿಗೆ ಹಳೆ ಬಟ್ಟೆ ತುರುಕಿದ. ಅಂದು ಎರಡು ರೊಟ್ಟಿ ಉಂಡು ಮೂರನೆಯದು ಕೇಳಿದ.

ಅವ್ವ ಅಷ್ಟಕ್ಕೇ ಬಿಡುವವಳಲ್ಲ. ಕಬ್ಬಿಣ ಕಾದಾಗಲೇ ಬಡಿದಳು. "ದೇವ್ರಿಗೆ ಒಂದು ಗುಡಿ ಬ್ಯಾಡೇನ್ರಿ? ಎಷ್ಟು ದಿನ ಬಯಲಾಗ ನಿಂದ್ರಸ್ತೀರಿ?" ಅಂದಳು. ಮುತ್ಯಾ ರಂಗಂಪೇಟೆಗೆ ಹೇಳಿ ಕಳಿಸಿದ. ಮೈನುದ್ದೀನ ಬಂದು, ತೊಲೆಯಲ್ಲಿ ಹೊಕ್ಕಿದ್ದ ಛರ್ರೆ ನೋಡಿ, ತೊಟ್ಟಿಲು ನೋಡಿ, ನನ್ನ ಕೆನ್ನೆ ಮುಟ್ಟಿದನಂತೆ. ಟೋಪಿಯ ಕತೆ ಅವನಿಗೆ ತಿಳಿದಿತ್ತು. ಸಾಗವಾನಿಯ ಹಲಗೆ ತಂದು ಬಂದೂಕಿನ ಅಳತೆಗೆ ಉದ್ದನೆಯ ಗೂಡು ಮಾಡಿದ. ಮೇಲೆ ಸಣ್ಣ ಗೋಪುರ, ಗಟ್ಟಿ ಬಾಗಿಲು, ಬಾಗಿಲಿಗೆ ಬೀಗ. ಗೋಡೆಯ ಮೇಲೆ ಎಷ್ಟು ಎತ್ತರಕ್ಕೆ ಜಡಿದನೆಂದರೆ ಮುತ್ಯಾ ಕೂಡ ಮಣೆ ಹಾಕಿ ಹತ್ತಬೇಕು.

"ದ್ಯಾವಪ್ಪಣ್ಣ, ಇದಕ ಪೈಸಾ ಎಷ್ಟಂತ ಕೇಳಬ್ಯಾಡ, ಕೊಡಲೂಬ್ಯಾಡ," ಅಂದ ಮೈನುದ್ದೀನ. "ಕೀಲಿ ಯಾರ ಹಂತ್ಯಾಕ ಕೊಡ್ಲಿ?"

ಮುತ್ಯಾ ಕೈ ಚಾಚಿದ್ದನಂತೆ. ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದು, "ಸಾಯವ್ವಗ ಕೊಡು," ಅಂದ. ಅವ್ವ ಅದನ್ನು ಕೊರಳಿನ ಗುಳದಾಳಿಗೆ, ಅಂದರೆ ತಾಳಿಯ ದಾರಕ್ಕೆ, ಕಟ್ಟಿಕೊಂಡಳು. ಉಳಿದ ಮದ್ದು, ಟೋಪಿ ನನ್ನಪ್ಪನ ಕಬ್ಬಿಣದ ಪೆಟ್ಟಿಗೆಗೆ ಹೋದವು, ಅದರ ಕೀಲಿ ಅಪ್ಪನ ಉಡಿದಾರಕ್ಕೆ. ಬಂದೂಕು ಒಂದು ಕಡೆ, ಅದರ ಮದ್ದು ಇನ್ನೊಂದು ಕಡೆ. ಒಬ್ಬರಿಗೆ ಮರೆವು ಬಂದರೆ ಇನ್ನೊಬ್ಬರಿಗಾದರೂ ನೆನಪಿರಲಿ ಎಂಬುದು ಅವಳ ಲೆಕ್ಕ.

ಬೆಲ್ಲದ ನೈವೇದ್ಯ ನಿಲ್ಲಲಿಲ್ಲ. ಗೂಡಿನ ಬಾಗಿಲಿಗೆ ತೋರಿಸಿ, ಹೊರಗೆ ಅಂಗಳಕ್ಕೆ ತಂದು ಮಕ್ಕಳ ಕೈಗೆ ಕೊಡುವುದೆಂದಾಯಿತು. ಜೊತೆಗೆ ಅವ್ವ ಒಂದು ಆಟ ಕಲಿಸಿದಳು. ಎಲ್ಲಾದರೂ ಬಂದೂಕು, ಮದ್ದು, ಛರ್ರೆ ಕಂಡರೆ ಮುಟ್ಟಬಾರದು, ಅಲ್ಲಿ ನಿಲ್ಲಬಾರದು, ಓಡಿಬಂದು ದೊಡ್ಡವರಿಗೆ ಹೇಳಬೇಕು. ಹೇಳಿದವರಿಗೆ ಬೆಲ್ಲ. ವೆಂಕ್ಯಾ ಬೆಲ್ಲದಾಸೆಗೆ ಅಡಕತ್ತರಿ ಕಂಡರೂ ಓಡಿಬಂದು ಹೇಳುತ್ತಿದ್ದ, ಮುತ್ಯಾ ಕದ್ದು ಬೀಡಿ ಸೇದಿದರೂ ಓಡಿಬಂದು ಹೇಳುತ್ತಿದ್ದ.

ಅಂದಿನಿಂದ ಪ್ರತಿ ಮಹಾನವಮಿಗೆ ಮುತ್ಯಾ ಸ್ನಾನ ಮಾಡಿ, ಹೊಸ ರುಮಾಲು ಸುತ್ತಿ, ಸೊಸೆಯ ಮುಂದೆ ಅಂಗೈ ಹಿಡಿದು ನಿಲ್ಲುತ್ತಿದ್ದ. ನನಗೆ ತಿಳಿವಳಿಕೆ ಬಂದ ಮೇಲೆ ಎಷ್ಟೋ ಸಲ ಅದನ್ನು ನೋಡಿ ನಕ್ಕಿದ್ದೇನೆ.

"ಎಲ್ಲಿ ಹಾರಸ್ತೀರಿ?"

"ಬನ್ನಿ ಗಿಡದ ಹಂತ್ಯಾಕ, ಊರ ಹೊರಗ."

"ಬರೂಮುಂದ?"

"ತೊಟ್ಟು ಒರೆಸಿ, ಬೆರಳು ಇಟ್ಟು ನೋಡಿ ತರ್ತೀನವ್ವ."

ಆಮೇಲೆ ಅವ್ವನ ಕೀಲಿಯೂ ಅಪ್ಪನ ಪೆಟ್ಟಿಗೆಯ ಮದ್ದೂ ಸಿಗುತ್ತಿದ್ದವು. ಒಂದು ವರ್ಷ ಅವನು ಜೋಳ ತೆಗೆಯುವುದನ್ನು ಮರೆತು ಹಾಗೇ ಹಾರಿಸಿದ, ಬನ್ನಿ ಗಿಡದ ತುಂಬ ಜೋಳದ ಅರಳು ಉದುರಿತು ಎಂದು ಊರವರು ಹೇಳುತ್ತಾರೆ. ಅದು ಶುದ್ಧ ಸುಳ್ಳು. ಜೋಳ ಸುರಿದು, ಗಜ ಇಳಿಸಿ ನೋಡದೆ ಅವನು ಮದ್ದು ತುಂಬಲಿಕ್ಕೆ ಸಾಧ್ಯವೇ ಇರಲಿಲ್ಲ.

ಅವ್ವ ಅವನಿಗೆ ಇನ್ನೂ ಒಂದು ಕಟ್ಟು ಹಾಕಿದ್ದಳು. ಬಂದವರು ಯಾರೇ "ಖಾಲಿ ಐತೇನ್ರಿ?" ಎಂದು ಕೇಳಲಿ, "ತುಂಬೈತಿ" ಅನ್ನಬೇಕು. ತುಂಬಿದೆ ಎಂದು ತಿಳಿದವರು ಹುಷಾರಾಗಿ ಮುಟ್ಟುತ್ತಾರೆ ಎಂಬುದು ಅವಳ ವಾದ. ಮುತ್ಯಾನಿಗಂತೂ ಅದು ಬಹಳ ಹಿಡಿಸಿತು. ಹೊಟ್ಟೆ ತುಂಬಿದ ಬಂದೂಕು ಎಂಬ ಮಾನವೂ ಉಳಿಯಿತು, ಹೇಳಿದ್ದು ಸುಳ್ಳೂ ಅಲ್ಲ.

ನನಗೆ ಐದಾರು ವರ್ಷವಾಗಿದ್ದಾಗ ಲೈಸೆನ್ಸಿನವರೆಲ್ಲ ಬಂದೂಕು ತಂದು ತೋರಿಸಬೇಕೆಂದು ಸುರಪುರದ ಕಚೇರಿಗೆ ಕರೆದರು. ಅವ್ವ ಕೀಲಿ ಕೊಟ್ಟಳು. ಮುತ್ಯಾ ಬಂದೂಕು ಹೆಗಲಿಗೆ ಹಾಕಿ, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡು ನಡೆದ. ಕಚೇರಿಯ ಸಾಹೇಬ ಹೊಸಬ, ಬೇರೆ ಕಡೆಯಿಂದ ಬಂದವನು. ಬಂದೂಕನ್ನು ಮೇಜಿನ ಮೇಲೆ ಇಡಿಸಿಕೊಂಡು ಕೇಳಿದ.

"ಖಾಲಿ ಇದೆ ತಾನೇ?"

"ತುಂಬೈತ್ರಿ," ಅಂದ ಮುತ್ಯಾ.

ಮೇಜಿನ ಸುತ್ತ ಇದ್ದವರೆಲ್ಲ ಒಮ್ಮೆಗೇ ಹಿಂದೆ ಸರಿದರು. ಒಬ್ಬನ ಕುರ್ಚಿ ಮಗುಚಿತು. ಸಾಹೇಬ ಗೋಡೆಗೆ ಹೋಗಿ ನಿಂತ. ವಯಸ್ಸಾದ ಪೊಲೀಸಿನವನೊಬ್ಬ ಬಂದು ಬಂದೂಕನ್ನು ಹಗುರಾಗಿ ಎತ್ತಿ, ತೊಟ್ಟಿನ ಮೇಲೆ ಟೋಪಿಯಿಲ್ಲವೆಂದು ನೋಡಿ, ಬಾಯಿಯ ಬಟ್ಟೆ ಎಳೆದು ಬಗ್ಗಿಸಿದ. ಮೇಜಿನ ತುಂಬ ಬಿಳಿಜೋಳ ಸುರಿಯಿತು. ಕಾಗದದ ಮೇಲೆ, ಮಸಿಯ ದೌತಿಯೊಳಗೆ, ಸಾಹೇಬನ ಟೋಪಿಯೊಳಗೆಲ್ಲ ಜೋಳ. ಕಚೇರಿ ನಕ್ಕಿತು. ನಾನೂ ನಕ್ಕೆ. ಸಾಹೇಬ ನಗಲಿಲ್ಲ.

"ಏನಜ್ಜ, ತಮಾಷೆ ಮಾಡ್ತೀಯಾ? ಜೋಳ ತುಂಬಿದ್ದಕ್ಕೆ ಖಾಲಿ ಇದೆ ಅಂತ ಹೇಳೋಕೆ ಏನಾಗಿತ್ತು ನಿನಗೆ?"

ಮುತ್ಯಾ ನನ್ನ ತಲೆಯ ಮೇಲೆ ಕೈ ಇಟ್ಟ.

"ಒಮ್ಮೆ ಖಾಲಿ ಐತಿ ಅಂದಿದ್ದೆ ಸಾಹೇಬ್ರ," ಅಂದ. "ಈಕಿ ಮ್ಯಾಲ ತೊಟ್ಟಿಲದಾಗ ಮಲಗಿದ್ಳು."

ಸಾಹೇಬ ನನ್ನನ್ನು ನೋಡಿದ. ಆಮೇಲೆ ಬಂದೂಕಿನ ಕಾಗದಕ್ಕೆ ಶಿಕ್ಕಾ ಹೊಡೆದು, ತಾನೇ ಬಗ್ಗಿ ನೆಲದ ಮೇಲಿನ ಜೋಳವನ್ನು ಆರಿಸಿ ನನ್ನ ಲಂಗದ ಮಡಿಲಿಗೆ ಹಾಕಿದ. ನಾವು ಮನೆಗೆ ಬಂದೆವು. ಅವ್ವ ನನ್ನ ಮಡಿಲಿನ ಜೋಳ ನೋಡಿದಳು, ಮುತ್ಯಾನ ಮುಖ ನೋಡಿದಳು. ಆ ಜೋಳವನ್ನೇ ಮತ್ತೆ ನಳಿಗೆಗೆ ಸುರಿದು, ಬಟ್ಟೆ ತುರುಕಿ, ಮುತ್ಯಾನ ಕೈಯಿಂದ ಗೂಡಿಗೆ ಇಡಿಸಿದಳು. ಬೀಗ ಹಾಕಿ ಅವನು ಮಣೆಯಿಂದ ಇಳಿದು, ಕೇಳುವ ಮೊದಲೇ ಕೀಲಿಯನ್ನು ಅವಳ ಕೈಗೆ ಕೊಟ್ಟ.